ಧನ್ಯಾ ತಿದ್ದದೆ ಬಿಟ್ಟ ಲೆಕ್ಕ

ಎದುರು ಮನೆಯ ಧನ್ಯಾಳಂಥ ಹುಡುಗಿಯನ್ನು ನಾನು ಮತ್ತೆ ಕಂಡಿಲ್ಲ. ಅವಳನ್ನು ನೋಡುವವರಿಗೇ ಸುಸ್ತಾಗುತ್ತಿತ್ತು. ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವರದೂ ನಮ್ಮದೂ ಎದುರುಬದುರು ಬಾಗಿಲು. ನೋಟ್ಸಿನಲ್ಲಿ ಒಂದಕ್ಷರ ತಪ್ಪಿದರೆ ಇಡೀ ಪುಟ ಹರಿದು ಮತ್ತೆ ಬರೆಯುವಳು. ದೀಪಾವಳಿಗೆ ರಂಗೋಲಿ ಚುಕ್ಕಿ ಇಡಲು ಸ್ಕೇಲು ತರುವಳು. ಚಕ್ಕುಲಿ ಕಳಿಸಿದ ನನ್ನ ಡಬ್ಬಿ ಅವರ ಮನೆಯಿಂದ ವಾಪಸು ಬಂದರೆ ಹೊಸದೋ ಎನ್ನುವಂತೆ ಹೊಳೆಯುತ್ತಿತ್ತು. ಟೆಸ್ಟಿನಲ್ಲಿ ಒಂದು ಮಾರ್ಕು ಹೋದರೆ ಅವತ್ತು ಊಟವಿಲ್ಲ. "ಮಾರ್ಕು ಹೋಗಿದ್ದಕ್ಕೆ ಹೊಟ್ಟೆ ಏನೇ ಮಾಡಿತ್ತು?" ಎಂದು ಅವಳಮ್ಮ ಲೀಲಮ್ಮ ತಟ್ಟೆ ಹಿಡಿದು ಹಿಂದೆ ಹಿಂದೆ ತಿರುಗುವರು.

ನನ್ನ ಮಗ ಗಗನ್ ಅವಳದೇ ಕ್ಲಾಸು, ಹನ್ನೆರಡನೆಯದು. ಸ್ವಭಾವ ಮಾತ್ರ ಪೂರ್ತಿ ಉಲ್ಟಾ. ಪಾಸಾದರೆ ಸಾಕು, ಆಗದಿದ್ದರೆ ಆಮೇಲೆ ನೋಡೋಣ ಎನ್ನುವ ಆಸಾಮಿ. ಸಂಜೆ ಅವರ ಬಾಲ್ಕನಿಯಲ್ಲಿ ಇಬ್ಬರೂ ಗಣಿತ ಮಾಡುತ್ತಿದ್ದರು. ಒಂದು ದಿನ ಇವನು ಕಾಗದ ತೆಗೆಯಲು ಸೋಮಾರಿತನವಾಗಿ ಗೋಡೆಯ ಮೇಲೇ ಪೆನ್ಸಿಲಿನಲ್ಲಿ 7×8=54 ಎಂದು ಬರೆದುಕೊಂಡನಂತೆ. ಅವಳು ಹೌಹಾರಿ ಅದನ್ನು 56 ಮಾಡಿದಳು. ಮಾರನೆಯ ದಿನ ಇವನು ಬೇಕೆಂದೇ ಮತ್ತೆ 54 ಮಾಡಿದ. ಅವಳು ತಿದ್ದುವುದು, ಇವನು ಕೆಡಿಸುವುದು, ಚಳಿಗಾಲವೆಲ್ಲ ಇದೇ ಆಟ. ಅವಳ ನಗು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಆ ಹುಡುಗಿ ಬಾಯಿಬಿಟ್ಟು ನಗುತ್ತಿದ್ದದ್ದು ಆ ಬಾಲ್ಕನಿಯಲ್ಲಿ ಮಾತ್ರ. ನಾನೇನು ಕುರುಡಿಯೇ? ನನಗೆಲ್ಲ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

2004ರ ಜನವರಿಯಲ್ಲಿ ಅವಳಪ್ಪ ಚಂದ್ರಪ್ಪನವರಿಗೆ ಭೋಪಾಲಿಗೆ ವರ್ಗವಾಯಿತು. ಕೇಂದ್ರ ಸರ್ಕಾರದ ನೌಕರಿಯವರಿಗೆ ಇದು ಹೊಸದಲ್ಲ. ಮಕ್ಕಳ ಓದಿನ ವರ್ಷ ಮುಗಿಯುವತನಕ ಕ್ವಾರ್ಟರ್ಸ್ ಇಟ್ಟುಕೊಳ್ಳಲು ಬಿಡುತ್ತಾರೆ. ಹಾಗಾಗಿ ಅವರು ಮುಂದೆ ಹೋಗುವುದು, ತಾಯಿ ಮಗಳು ರಿಸಲ್ಟ್ ಬಂದ ಮೇಲೆ ಹೋಗುವುದು ಎಂದಾಯಿತು. ಹಾಸ್ಟೆಲಿನ ಮಾತನ್ನು ಚಂದ್ರಪ್ಪನವರು ಕಿವಿಗೇ ಹಾಕಿಕೊಳ್ಳಲಿಲ್ಲ. "ಇರೋಳು ಒಬ್ಳೇ ಮಗಳು. ಕಾಲೇಜು ಭೋಪಾಲಲ್ಲೂ ಇದೆ" ಎಂದುಬಿಟ್ಟರು. ಹೊರಡುವಾಗ ಮಗಳ ತಲೆ ಸವರಿ, "ಮ್ಯಾಥ್ಸಲ್ಲಿ ಫೇಲಾಗ್ಬಿಟ್ಟೀಯ, ಆಮೇಲೆ ಜುಲೈ ಪರೀಕ್ಷೆವರೆಗೂ ಇಲ್ಲೇ ಇರ್ಬೇಕಾಗುತ್ತೆ" ಎಂದು ತಮಾಷೆ ಮಾಡಿದರು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಗಣಿತ ಪರೀಕ್ಷೆಯ ಮಧ್ಯಾಹ್ನ ಅವಳು ತನ್ನ ಮನೆಗೆ ಹೋಗದೆ ಸೀದಾ ನಮ್ಮ ಅಡುಗೆಮನೆಗೆ ಬಂದು ನಿಂತಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಹಿಂದೆ ಗಗನ್, ಸಪ್ಪೆ ಮುಖ ಹಾಕಿಕೊಂಡು.

"ಏನೇ, ಪೇಪರು ಕಷ್ಟ ಇತ್ತಾ?"

"ಇಲ್ಲ ಆಂಟಿ, ಈಸಿ ಥಾ. ನಾನು ಫೇಲ್ ಆಗ್ಬೇಕಿತ್ತು. ಆಗ್ಲೇ ಇಲ್ಲ."

ನಿಧಾನವಾಗಿ ಎಲ್ಲ ಹೊರಗೆ ಬಂತು. ಫೇಲಾಗುವುದಕ್ಕೂ ಅವಳು ಶ್ರದ್ಧೆಯಿಂದ ತಯಾರಿ ಮಾಡಿದ್ದಳು. ಮೂವತ್ತಮೂರಕ್ಕೆ ಪಾಸು, ಆದ್ದರಿಂದ ಇಪ್ಪತ್ತೆಂಟಕ್ಕಷ್ಟೇ ಬರೆಯುವುದು. ಯಾವ ಪಾಠದ ಪ್ರಶ್ನೆ ಬಿಡುವುದು, ಯಾವುದನ್ನು ಅರ್ಧಕ್ಕೆ ಕೆಡಿಸುವುದು ಎಲ್ಲವೂ ತೀರ್ಮಾನವಾಗಿತ್ತು. ಮಿಕ್ಕ ವಿಷಯಗಳನ್ನು ಚೆನ್ನಾಗಿಯೇ ಬರೆದಿದ್ದಳು. ಇದು ಗೊತ್ತಿದ್ದದ್ದು ಗಗನ್‌ಗೆ ಮಾತ್ರ.

"ಮೊದ್ಲು ಕರೆಕ್ಟಾಗಿ ಬಿಟ್ಟೆ ಆಂಟಿ. ಫಿರ್... ಖಾಲಿ ಪೇಜ್ ನೋಡಕ್ಕೆ ಆಗ್ಲಿಲ್ಲ. ಒಂದು ಬರೆದೆ. ಆಮೇಲೆ ಅದ್ರ ಪಕ್ಕದ್ದು. ಆಮೇಲೆ ಎಲ್ಲಾ."

"ಎರಡು ಸಲ ಚೆಕ್ ಬೇರೆ ಮಾಡಿದ್ಳಂತೆ" ಎಂದ ಗಗನ್. ನಗಲು ನೋಡಿದ, ಆಗಲಿಲ್ಲ.

ನನಗೆ ಮಾತ್ರ ನಗು ಬಂದುಬಿಟ್ಟಿತು. ಆಮೇಲೆ ಅವಳ ಬೆರಳು ನೋಡಿದೆ. ಇಂಕು ಮೆತ್ತಿದ ಆ ಕೈ ತನ್ನದೇ ಅಲ್ಲವೇನೋ ಎಂಬಂತೆ ಅವಳು ಅದನ್ನೇ ನೋಡುತ್ತಿದ್ದಳು. ಪಾಸಾಗುತ್ತೀಯಲ್ಲ, ಒಳ್ಳೆಯದೇ ಆಯಿತು ಎನ್ನಲೇ? ಫೇಲಾಗಬೇಕಿತ್ತು ಎನ್ನಲೇ? ಮೊಸರನ್ನ ಕಲಸಿ ಇಬ್ಬರಿಗೂ ಕೊಟ್ಟೆ.

ಆಮೇಲೆ ಎರಡು ತಿಂಗಳು, ಪೇಪರು ನೋಡುವವರಾದರೂ ಏನಾದರೂ ಎಡವಟ್ಟು ಮಾಡಲಿ ಎಂದು ಇಬ್ಬರೂ ಹಾರೈಸಿದ್ದೇ ಹಾರೈಸಿದ್ದು. ಯಾರೂ ಮಾಡಲಿಲ್ಲ. ಗಗನ್‌ಗೆ ಗಣಿತದಲ್ಲಿ ಅರವತ್ತೊಂದು, ಧನ್ಯಾಗೆ ತೊಂಬತ್ತೆಂಟು. ಲೀಲಮ್ಮ ಮನೆಮನೆಗೆ ಲಡ್ಡು ಹಂಚಿದರು. ಹುಡುಗಿ ಬಾಗಿಲು ಹಾಕಿಕೊಂಡು ಅತ್ತಳು. ಎರಡು ಮಾರ್ಕು ಹೋಗಿದ್ದಕ್ಕೆ ಹೀಗೆ ಅಳುತ್ತಾಳಲ್ಲ ಎಂದು ಕಾಲೊನಿಯವರೆಲ್ಲ ನಕ್ಕರು. ನಾನು ಲಡ್ಡು ತಿನ್ನದೆ ಡಬ್ಬಿಗೆ ಹಾಕಿಟ್ಟೆ. ಚಂದ್ರಪ್ಪನವರಿಗೆ ಒಂದು ಮಾತು ಹೇಳಬಹುದಿತ್ತು. ಏನೆಂದು ಹೇಳುವುದು? ಹದಿನೇಳರ ಮಕ್ಕಳ ಪ್ರೀತಿಗೆ ಸರ್ಕಾರ ವರ್ಗಾವಣೆ ನಿಲ್ಲಿಸುತ್ತದೆಯೇ?

ಮೇ ಕೊನೆಯಲ್ಲಿ ಅವರು ಹೊರಟರು. ಸ್ಟೇಷನ್ನಿಗೆ ಗಗನ್ ಹೋಗಿದ್ದ. ಬಂದವನು ಊಟ ಬೇಡವೆಂದು ಮಲಗಿದ. ಊಟ ಬಿಡುವುದನ್ನು ಅವಳಿಂದಲೇ ಕಲಿತಿರಬೇಕು.

ಅವರ ಮನೆಯ ಬೀಗದ ಕೈ ನಮ್ಮಲ್ಲಿತ್ತು. ವಾರದ ನಂತರ ಸುಣ್ಣ ಹೊಡೆಯುವವನು ಬಂದಾಗ ನಾನೇ ಹೋಗಿ ಬಾಗಿಲು ತೆಗೆದೆ. ಗಗನ್ ಕೂಡ ಹಿಂದೆಯೇ ಬಂದ. ಖಾಲಿ ಮಾಡಿದ ಮನೆ ಅಷ್ಟು ಚೊಕ್ಕಟವಾಗಿರುವುದನ್ನು ನಾನು ನೋಡಿರಲಿಲ್ಲ. ನೆಲ ಒರೆಸಿತ್ತು, ಕಿಟಕಿಯ ಸರಳಿನಲ್ಲಿ ಧೂಳಿಲ್ಲ, ಮೊಳೆಯ ತೂತುಗಳನ್ನು ಸಹ ಧನ್ಯಾ ಮುಚ್ಚಿದ್ದಳು. ಬಾಲ್ಕನಿಗೆ ಹೋದೆವು. ಗೋಡೆಯ ಮೇಲೆ 7×8=54 ಹಾಗೇ ಇತ್ತು.

ತಿದ್ದಿರಲಿಲ್ಲ. ಪರೀಕ್ಷೆಯಲ್ಲಿ ಆಗದಿದ್ದದ್ದನ್ನು ಅವಳು ಇಲ್ಲಿ ಮಾಡಿಹೋಗಿದ್ದಳು.

ಗಗನ್ ಗೋಡೆಯ ಹತ್ತಿರ ಹೋಗಿ ನೋಡಿದ. "ಅಮ್ಮಾ, ಇದೊಂದು ಗೋಡೆ ಬಿಡೋಕೆ ಹೇಳಮ್ಮಾ" ಎಂದ.

"ಭಯ್ಯಾ, ಇದೊಂದು ಬಿಟ್ಟುಬಿಡಿ" ಎಂದು ನನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡೆ. ಅವನು ಪಾಪ ಒಳ್ಳೆಯವನೇ. ಒಂದು ಗೋಡೆ ಬಿಟ್ಟರೂ ಸಾಹೇಬರು ಕೆಲಸ ಪಾಸು ಮಾಡುವುದಿಲ್ಲ ಮೇಡಂ, ನಾನೇನು ಮಾಡಲಿ ಎಂದ. ನನ್ನ ಮಗನ ಮುಖ ನೋಡಿ ಒಂದು ಗಳಿಗೆ ತಡೆದ. ಆಮೇಲೆ ಬ್ರಷ್ ಅದ್ದಿದ.

ಕೆಲಸದಲ್ಲಿ ಅಚ್ಚುಕಟ್ಟು. ಎರಡು ಕೋಟು ಹೊಡೆದ, ಒಂದು ಗೆರೆಯೂ ಉಳಿಯಲಿಲ್ಲ.