ಇಪ್ಪತ್ತೊಂದು ದಿನದ ಪಥ್ಯ

ಕೊರೊನಾ ಕಳೆದು ಬಸ್ಸುಗಳು ಮೊದಲಿನಂತೆ ಓಡಾಡಲು ಶುರು ಮಾಡಿದ್ದ ವರ್ಷ ನಡೆದದ್ದು ಇದು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಆದರೆ ಜನರಿಗೆ ನಾನು ಗಿರಣಿಗಿಂತ ಹೆಚ್ಚಾಗಿ ಕಾಮಾಲೆ ಔಷಧಿಯಿಂದ ಗೊತ್ತು. ನನ್ನ ಅಜ್ಜಿ ಸಾಯುವ ಮುಂಚೆ ನನ್ನ ಕೈ ಹಿಡಿದುಕೊಂಡು ಹೊಲದ ಬದುವಿಗೆ ಕರೆದೊಯ್ದು ಸೊಪ್ಪು ತೋರಿಸಿ ಕೊಟ್ಟ ವಿದ್ಯೆ ಅದು. ಭಾನುವಾರ ಸೂರ್ಯ ಹುಟ್ಟುವ ಮೊದಲು, ಖಾಲಿ ಹೊಟ್ಟೆಗೆ, ಆಡಿನ ಹಾಲಿನಲ್ಲಿ ಅರೆದು ಕೊಡಬೇಕು. ದುಡ್ಡು ಮುಟ್ಟುವಂತಿಲ್ಲ. ಹೊಸದುರ್ಗ, ಹಿರಿಯೂರಿನಿಂದಲೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಅಜ್ಜಿ ಹೇಳುತ್ತಿದ್ದುದನ್ನೇ ನಾನೂ ಹೇಳುತ್ತಿದ್ದೆ: ಇಪ್ಪತ್ತೊಂದು ದಿನ ಉಪ್ಪು, ಎಣ್ಣೆ ಬಿಡಬೇಕು, ಮೈಗೆ ಸೂಜಿ ಸೋಕಿಸಬಾರದು, ಇಂಗ್ಲಿಷ್ ಮಾತ್ರೆ ನುಂಗಬಾರದು. ಎರಡು ಔಷಧಿ ಹೊಟ್ಟೆಯೊಳಗೆ ಜಗಳವಾಡುತ್ತವೆ ಎನ್ನುವುದು ಅಜ್ಜಿಯ ಲೆಕ್ಕ.

ನನ್ನ ತಮ್ಮ ತಿಪ್ಪೇಶಿ ಬಿ.ದುರ್ಗದ ಹತ್ತಿರ ಹೊಲ ಮಾಡಿಕೊಂಡು ಒಂದಿಷ್ಟು ಕುರಿ ಸಾಕಿಕೊಂಡಿದ್ದ. ಹೆಂಡ, ಬೀಡಿ ಎರಡನ್ನೂ ಮುಟ್ಟಿದವನಲ್ಲ. ಇದು ನಡೆಯುವ ಎರಡು ವರ್ಷ ಮೊದಲು ಪಕ್ಕದ ಮನೆಯವಳ ಹೆರಿಗೆಗೆಂದು ಚಿತ್ರದುರ್ಗಕ್ಕೆ ರಕ್ತ ಕೊಡಲು ಹೋಗಿದ್ದ. ಅವನ ರಕ್ತವನ್ನು ಆಸ್ಪತ್ರೆಯವರು ತೆಗೆದುಕೊಳ್ಳಲಿಲ್ಲ. ಹೆಪಟೈಟಿಸ್ ಬಿ ಎಂಬ ವೈರಸ್ ಇದೆ, ಅದು ಸದ್ದಿಲ್ಲದೆ ಲಿವರ್ ಕೆಡಿಸುತ್ತದೆ, ಮುಂದೆ ಗಡ್ಡೆಯೂ ಆಗಬಹುದು ಎಂದರು. ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್, ಎರಡನ್ನೂ ತಪ್ಪಿಸಬೇಡ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅವನು ಮಾಡಿಸುತ್ತಲೂ ಇದ್ದ. ಕುರಿ ಹೊಡೆದುಕೊಂಡು ದೂರ ಹೋದಾಗ ಮಾತ್ರೆ ಮಾತ್ರ ಆಗಾಗ ತಪ್ಪುತ್ತಿತ್ತು.

ಒಂದು ಶನಿವಾರ ಸಂಜೆ ಗಿರಣಿ ಬಾಗಿಲಿಗೆ ಬಂದು ನಿಂತ. ಕಣ್ಣು ಅರಿಶಿನದ ಹಾಗಿತ್ತು.

"ಲೇ, ಏನಪ್ಪ ಇದು? ಕನ್ನಡೀಲಿ ನೋಡ್ಕಂಡಿದೀಯಾ?" ಎಂದೆ.

"ನೋಡ್ಕಂಡೇ ಬಂದಿದೀನಿ. ಕುರಿಗಳೂ ನನ್ನ ಗುರುತು ಹಿಡೀತಿಲ್ಲ. ಸೋಮವಾರ ಚಿತ್ರದುರ್ಗದಾಗೆ ಸ್ಕ್ಯಾನಿಂಗ್ ಐತೆ, ರಕ್ತಾನೂ ತೆಗೀತಾರೆ. ಹಂಗೇ ತೋರಿಸ್ಕಂಡು ಬರಾನ ಅಂತ."

ಆಗ ನಾನು ಹೋಗು ಎನ್ನಬೇಕಿತ್ತು. ನಾನೇ ಜೊತೆಗೆ ಹೊರಡಬೇಕಿತ್ತು. ಆದರೆ ಮೂರು ತಾಲ್ಲೂಕಿನ ಜನಕ್ಕೆ ಔಷಧಿ ಕೊಡುವವಳು ಸ್ವಂತ ತಮ್ಮನಿಗೆ ಕೊಡದಿದ್ದರೆ ಹೇಗೆ ಎನಿಸಿತು.

"ನಾಳೆ ಭಾನುವಾರ ಕೂಡಿ ಬಂದೈತೆ. ಕುಡಿದು ಹೋಗು. ಸೋಮವಾರದ ಸೂಜಿ ಬ್ಯಾಡ, ಪಥ್ಯ ಮುಗಿಯೋಗಂಟ ಆ ಮಾತ್ರೇನೂ ಎತ್ತಿಡು" ಎಂದೆ.

"ಡಾಕ್ಟ್ರಮ್ಮ ಬೈತಾರೆ ಕಣಕ್ಕ."

"ಬೈದ್ರೆ ನನ್ನ ಹೆಸರು ಹೇಳು."

ಬೆಳಗ್ಗೆ ಲೋಟ ಖಾಲಿ ಮಾಡಿ ಮುಖ ಕಿವುಚಿದ. "ಇದನ್ನ ಕುಡಿಯೋದಕ್ಕಿಂತ ಕಾಮಾಲೇನೇ ವಾಸಿ" ಎಂದು ನಕ್ಕು ಹೊರಟ. ಇಪ್ಪತ್ತೊಂದು ದಿನ ಸಪ್ಪೆ ಮುದ್ದೆ, ಸಪ್ಪೆ ಮಜ್ಜಿಗೆ. ಪಥ್ಯ ಮುಗಿದ ದಿನ ಅಂಗಳದ ಬೆಳಕಿನಲ್ಲಿ ನಿಲ್ಲಿಸಿ ಅವನ ರೆಪ್ಪೆ ಎಳೆದು ನೋಡಿದೆ. ಕಣ್ಣು ಬೆಳ್ಳಗಾಗಿತ್ತು. ಹಿಟ್ಟು ಹಾಕಿಸಲು ಬಂದವರಿಗೆಲ್ಲ ಅವತ್ತು ಕರೆದು ತೋರಿಸಿದೆ. ಅಷ್ಟು ಹೆಮ್ಮೆ ನನಗೆ. "ಸ್ಕ್ಯಾನಿಂಗ್‌ಗೆ ಈಗ ಹೋಗಿ ಬರ್ಲಾ?" ಎಂದು ಅವನೇ ಕೇಳಿದ. "ಕಣ್ಣೇ ಹೇಳ್ತಾವಲ್ಲ, ಇನ್ಯಾಕೆ?" ಎಂದೆ. ಅವನು ಹಿರಿಯೂರಿನ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಲು ಹೊರಟುಹೋದ. ಎತ್ತಿಟ್ಟ ಮಾತ್ರೆ ಎತ್ತಿಟ್ಟಲ್ಲೇ ಉಳಿಯಿತು.

ಆಮೇಲೆ ನಾಲ್ಕೈದು ತಿಂಗಳಾಗಿರಬೇಕು. ಅವನ ಹೆಂಡತಿ ರತ್ನಮ್ಮ ಫೋನ್ ಮಾಡಿದಳು. "ಅಕ್ಕ, ಇವ್ರ ಹೊಟ್ಟೆ ಉಬ್ಬೈತೆ, ಮೈಯಾಗೆ ಮಾಂಸನೇ ಇಲ್ಲ. ಬರ್ರಿ" ಎಂದಳು. ಮೂವರೂ ಚಿತ್ರದುರ್ಗಕ್ಕೆ ಹೋದೆವು. ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ಹಳೆಯ ಫೈಲು ತಿರುವಿ ತಲೆಯೆತ್ತಿದರು.

"ಮಾತ್ರೆ ಯಾಕೆ ನಿಲ್ಲಿಸಿದ್ರಿ? ನಾಟಿ ಔಷಧಿ ಏನಾದ್ರೂ ತಗೊಂಡ್ರಾ?"

"ತಗಂಡೆ ಮೇಡಮ್."

"ಯಾರು ಕೊಟ್ಟಿದ್ದು?"

ನಾನು ಅವನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

"ಹೊಸದುರ್ಗದ ಕಡೆ ಯಾರೋ ಒಬ್ಬ ಮುದುಕ ಮೇಡಮ್. ಈಗ ಅವ್ನೂ ಇಲ್ಲ ಬಿಡ್ರಿ."

ಡಾಕ್ಟರಮ್ಮ ಅದನ್ನೇ ಬರೆದುಕೊಂಡರು. ರತ್ನಮ್ಮ ನನ್ನ ಮುಖ ನೋಡಿದಳು.

ಅವರಿಬ್ಬರನ್ನೂ ಹೊರಗೆ ಕೂರಿಸಿ ನಾನೊಬ್ಬಳೇ ಮತ್ತೆ ಒಳಗೆ ಹೋದೆ. ಏನಾಗಿದೆ, ಇನ್ನೆಷ್ಟು ದಿನ ಎಂದು ಕೇಳಿದೆ. ಅವರು ಕಾಗದದ ಮೇಲೆ ಲಿವರಿನ ಚಿತ್ರ ಬರೆದು ನಿಧಾನವಾಗಿ ಹೇಳಿದರು. "ಇದು ಕ್ಯಾನ್ಸರ್ ಗಡ್ಡೆ. ಗಡ್ಡೆ ಒಂದೇ ಇದ್ದು, ಸಣ್ಣದಿರುವಾಗ ಸಿಕ್ಕಿದ್ರೆ ಕತ್ತರಿಸಬಹುದು, ಸೂಜಿ ಇಳಿಸಿ ಸುಡಬಹುದು, ಅಂಥವರು ಎಷ್ಟೋ ವರ್ಷ ಬದುಕಿದ್ದಾರೆ. ಇವರಿಗೆ ಗಡ್ಡೆ ದೊಡ್ಡ ರಕ್ತನಾಳದೊಳಗೆ ಇಳಿದಿದೆ. ಅದೊಂದೇ ಆಗಿದ್ರೂ ಬೇರೆ ಔಷಧಿ ಇತ್ತು. ಉಳಿದ ಲಿವರ್ ಗಟ್ಟಿ ಇರಬೇಕಮ್ಮ, ಅದೇ ಔಷಧಿ ತಡೆದುಕೊಳ್ಳೋದು. ಕಾಮಾಲೆ ತಾನಾಗೇ ಇಳಿದಿರಬಹುದು, ವೈರಸ್ ಇಳಿಯಲ್ಲ. ಮಾತ್ರೆ ನಿಂತ ಮೇಲೆ ಅದು ಉಳಿದ ಲಿವರನ್ನೂ ಹಾಳು ಮಾಡಿದೆ. ಹೊಟ್ಟೇಲಿ ನೀರು ತುಂಬಿದೆ. ಮನುಷ್ಯ ಎದ್ದು ಓಡಾಡಿಕೊಂಡು, ಉಂಡುಕೊಂಡು ಇರೋದೂ ಲೆಕ್ಕಕ್ಕೆ ಬರುತ್ತೆ. ಇವರು ಅದರಲ್ಲೂ ಸೋತಿದ್ದಾರೆ. ಇನ್ನು ಕೆಲವೇ ತಿಂಗಳು."

"ಆ ಸೋಮವಾರ ಸ್ಕ್ಯಾನಿಂಗ್‌ಗೆ ಬಂದಿದ್ರೆ ಮೇಡಮ್?"

"ಆಗ ಗಡ್ಡೆ ಇತ್ತೋ ಇಲ್ವೋ, ಇದ್ರೆ ಎಷ್ಟಿತ್ತೋ, ನಾನು ಹೇಳಕ್ಕಾಗಲ್ಲ. ನೋಡಿದ್ರೆ ಗೊತ್ತಾಗ್ತಿತ್ತು" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಆಮೇಲೆ ಅವನು ಇದ್ದದ್ದು ಐದು ತಿಂಗಳು. ಹೊಟ್ಟೆಯ ನೀರು ತೆಗೆಸಲು ಹೋಗಿ ಬರುವುದೇ ಕೆಲಸವಾಯಿತು. ಒಂದು ಮಧ್ಯಾಹ್ನ ತಪ್ಪು ನನ್ನದೆಂದು ಹೇಳಿಯೇ ಬಿಡಬೇಕೆಂದು ಗಿರಣಿ ಮುಚ್ಚಿ, ಮೊಸರನ್ನ ಕಲೆಸಿಕೊಂಡು ಬಿ.ದುರ್ಗಕ್ಕೆ ಹೋದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. "ತಿಪ್ಪೇಶಿ, ಅವತ್ತು ನಾನು..." ಎಂದು ಬಾಯಿ ತೆಗೆದೆ.

"ಅದ್ರಾಗೆ ಉಪ್ಪು ಐತಾ?" ಎಂದ, ಡಬ್ಬಿ ನೋಡುತ್ತಾ.

"ಇಲ್ಲಪ್ಪ. ಹೊಟ್ಟೇಲಿ ನೀರು ಸೇರ್ತೈತೆ ಅಂತ ಡಾಕ್ಟ್ರು ಬ್ಯಾಡ ಅಂದವ್ರಲ್ಲ."

"ನೋಡು, ನೀನೂ ಉಪ್ಪು ಬಿಡಿಸ್ದೆ, ಅವ್ರೂ ಬಿಡಿಸಿದ್ರು. ನಿಮ್ಮಿಬ್ರಿಗೆ ಇದೊಂದ್ರಾಗೆ ಮಾತ್ರ ಜಗಳ ಇಲ್ಲ."

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ನಗು ಮುಗಿದ ಮೇಲೆ ಮತ್ತೆ ಶುರು ಮಾಡಲು ಧೈರ್ಯ ಬರಲಿಲ್ಲ. ನಾಲ್ಕು ತುತ್ತು ತಿಂದು ಮಲಗಿದ. ಮುಂದಿನ ವಾರ ಹೋಗುವಷ್ಟರಲ್ಲಿ ಅವನಿರಲಿಲ್ಲ.

ಈ ವೈರಸ್ ತಾಯಿಯಿಂದ ಮಕ್ಕಳಿಗೆ ಬಂದಿರಬಹುದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ತಿಥಿ ಕಳೆದ ಮೇಲೆ ಎಲ್ಲರೂ ಹೋದೆವು. ರತ್ನಮ್ಮನಿಗೂ ಅವಳ ಮಕ್ಕಳಿಗೂ ಏನೂ ಇರಲಿಲ್ಲ, ಲಸಿಕೆ ಹಾಕಿದರು. ನನ್ನ ರಕ್ತದಲ್ಲಿ ಸಿಕ್ಕಿತು. ಅವನಿಗೆ ಬರೆದಿದ್ದ ಮಾತ್ರೆಯನ್ನೇ ನನಗೂ ಬರೆದರು. ಒಂದು ದಿನವೂ ನಿಲ್ಲಿಸಬೇಡಿ, ಯಾರು ಏನು ಹೇಳಿದರೂ ಕೇಳಬೇಡಿ ಎಂದರು.

"ಆ ಹೊಸದುರ್ಗದ ಮುದುಕ ಅಂತ ಯಾರೂ ಇರ್ಲೇ ಇಲ್ಲ ಮೇಡಮ್. ಔಷಧಿ ಕೊಟ್ಟವಳು ನಾನು" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ಈಗಲೂ ಕೊಡ್ತೀರಾ?" ಎಂದರು.

"ಇಲ್ಲ."

"ಬಂದವರನ್ನ ಏನು ಮಾಡ್ತೀರಿ?"

"ಮೊದ್ಲು ರಕ್ತ ಪರೀಕ್ಷೆ ಮಾಡ್ಸಿ ಅಂತ ಕಳಿಸ್ತೀನಿ. ಕೆಲವ್ರು ಬೈಕಂಡು ಬೇರೆ ಕಡೆ ಹೋಗ್ತಾರೆ."

"ಬೈದ್ರೂ ಕಳಿಸಿ" ಎಂದು ಚೀಟಿ ಕೈಗಿತ್ತರು.

ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎಂದುಕೊಂಡು ಹೋಗಿದ್ದೆ. ಆಗಲಿಲ್ಲ. ಆ ಮಾತು ಕೇಳಬೇಕಾಗಿದ್ದವರು ಡಾಕ್ಟರಮ್ಮ ಅಲ್ಲ, ಅವನು. ಅವನಿಗೆ ಎಲ್ಲ ಗೊತ್ತಿತ್ತು, ನಿಜ. ಆದರೂ ನನ್ನ ಬಾಯಿಂದ ಅವನು ಒಮ್ಮೆ ಕೇಳಬೇಕಿತ್ತು.