ಕಾಗವಾಡದ ಮೂರನೆಯ ಸುತ್ತು

ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಹವಾಲ್ದಾರನ ಬಲಗೈಯ ಬೆರಳುಗಳನ್ನು ಸೈಕಲ್ ಚೈನಿನಿಂದ ಬಡಿದು ಮುರಿದದ್ದು ಸಂತೆಯ ಮರುದಿನ ಎಂದು ಜನ ಹೇಳುತ್ತಾರೆ. ಅದು ತಪ್ಪು. ಸಂತೆಯ ದಿನವೇ ಮುರಿದರು. ನನ್ನ ಕೈಯಲ್ಲಿ ಆಗಷ್ಟೇ ಕೊಂಡ ಬದನೆಕಾಯಿಯ ಚೀಲವಿತ್ತು. ನಾಲ್ವರು ಅವನ ತೋಳನ್ನು ಕಲ್ಲಿನ ಕಟ್ಟೆಯ ಮೇಲೆ ಒತ್ತಿ ಹಿಡಿದಿದ್ದರು, ಐದನೆಯವನು ಹೊಡೆಯುತ್ತಿದ್ದ.

"ಈಗರೆ ಗಂಟಿ ಕೇಳಿಸ್ತೇನಲೇ?" ಎಂದು ಅವನು ಪ್ರತಿ ಏಟಿಗೂ ಕೇಳುತ್ತಿದ್ದ.

"ನನಗ ಕೇಳಿಲ್ಲ," ಎಂದು ಹವಾಲ್ದಾರ ಪ್ರತಿ ಏಟಿಗೂ ಉತ್ತರಿಸುತ್ತಿದ್ದ. ಚೀರಲಿಲ್ಲ. ಅವನು ಸತ್ಯವನ್ನೇ ಹೇಳುತ್ತಿದ್ದಾನೆಂಬುದು ಆ ನಿಲ್ದಾಣದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಚೀಲ ಹಿಡಿದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಶಾಸನಗಳ ಕಾಲನಿರ್ಣಯ ನನ್ನ ಸಂಶೋಧನೆಯ ವಿಷಯ. ಬಾಕ್ಸಿಂಗ್ ನನ್ನ ಚಟ. ಪರದೇಶದ ಬಾಕ್ಸರ್‌ಗಳ ಸುದ್ದಿಯನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿ ದಪ್ಪ ವಹಿಯಲ್ಲಿ ಅಂಟಿಸಿಟ್ಟಿದ್ದೆ. ಸಭ್ಯರಾಗಿ ಗೆದ್ದವರು ಅದರಲ್ಲಿ ಕಡಿಮೆ. ಎದುರಾಳಿಯ ಮನೆತನವನ್ನೆಲ್ಲ ಬೈದು ಗೆದ್ದವರು, ರೇಷ್ಮೆಯ ನಿಲುವಂಗಿ ತೊಟ್ಟು ಬಂದು ತೀರ್ಪು ಕೊಡುವ ಪಂಚನನ್ನೇ ಹೊಡೆದವರು, ಜೈಲಿನಿಂದ ನೇರವಾಗಿ ಕಣಕ್ಕೆ ಬಂದವರು: ನನಗೆ ಬೇಕಾದವರು ಇಂಥವರು. ಯಾರ ಮೇಲೂ ಕೈಯೆತ್ತದ ನಾನು, ಎತ್ತುವವರನ್ನು ಅಷ್ಟೊಂದು ಪ್ರೀತಿಸುತ್ತಿದ್ದೆ.

ಹವಾಲ್ದಾರ ಅಂಥವರಲ್ಲಿ ನಾನು ಕಣ್ಣಾರೆ ಕಂಡ ಒಬ್ಬನೇ. ಸದಲಗಾದವನು, ಸೈನ್ಯದಲ್ಲಿ ಬಾಕ್ಸಿಂಗ್ ಕಲಿತು, ನಿವೃತ್ತನಾಗಿ ಬಂದು, ನಿಪ್ಪಾಣಿಯಲ್ಲಿ ಖಾಲಿ ಬಿದ್ದಿದ್ದ ತಂಬಾಕಿನ ಗೋದಾಮೊಂದರಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ಬ್ಯಾಂಡಿನವರ ಸಮವಸ್ತ್ರ ಹೊಲಿಯುವ ದರ್ಜಿಯಿಂದ ಹಸಿರು ಮಖಮಲ್ಲಿನ ನಿಲುವಂಗಿ ಹೊಲಿಸಿಕೊಂಡಿದ್ದ. ಸ್ಪರ್ಧೆಯ ಹಿಂದಿನ ದಿನ ಎದುರಾಳಿಯ ಮನೆಗೆ ಒಂದು ಸುರುಳಿ ಬ್ಯಾಂಡೇಜು, ಒಂದು ಪೊಟ್ಟಣ ಅರಿಷಿಣ ಕಳಿಸುತ್ತಿದ್ದ. "ನಾಳಿಗೆ ಬೇಕಾಗತೈತಿ, ತಾಯಿ ಕಡೆ ಕೊಟ್ಟಿಡ್ರಿ" ಎಂದು ಸಂದೇಶ. ಅಥಣಿಯಲ್ಲಿ ಒಬ್ಬನ ದವಡೆ ಮುರಿದ. ರಾಯಬಾಗದಲ್ಲಿ ತೀರ್ಪು ತನ್ನ ವಿರುದ್ಧ ಬಂದಾಗ ಪಂಚನ ಎರಡು ಹಲ್ಲು ಉದುರಿಸಿ, ಅವನ್ನು ಆರಿಸಿ ಅವನ ಅಂಗೈಯಲ್ಲಿಯೇ ಇಟ್ಟು ಕೈಮುಗಿದ. ಎರಡೂ ಕಡೆ ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ. ಎರಡನ್ನೂ ವಹಿಯಲ್ಲಿ ಬರೆದಿಟ್ಟೆ.

ಕಾಗವಾಡದ ಸ್ಪರ್ಧೆಯನ್ನು ಏರ್ಪಡಿಸಿದವರು ಕುಸ್ತಿಯ ಜನ. ಶಿರಗುಪ್ಪಿಯ ಪೈಲವಾನನೊಬ್ಬ, ಕಬ್ಬು ಬೆಳೆಯುವ ಮನೆಯ ಹುಡುಗ, ಹಿಂದಿನ ದಿನ ಬಂದ ಅರಿಷಿಣದ ಪೊಟ್ಟಣವನ್ನು ಸಿಟ್ಟಿನಿಂದ ಬಾಯಿಗೇ ಸುರಿದುಕೊಂಡು ನುಂಗಿ, ಹವಾಲ್ದಾರನ ಆಟವನ್ನೇ ಆಡಿ ಅವನನ್ನು ಕೆಡವುತ್ತೇನೆಂದು ಸಾರಿದ್ದ. ತಾಲೀಮಿನಲ್ಲಿ ಹುಡುಗರಿಗೆ ಪಟ್ಟು ಕಲಿಸುವ ವೃದ್ಧ ವಸ್ತಾದ ಪಂಚನಾದ. ಅವನಿಗೆ ಗೊತ್ತಿದ್ದದ್ದು ಕುಸ್ತಿ ಮಾತ್ರ. ಬಾಕ್ಸಿಂಗಿನ ನಿಯಮ ಓದಿ ಬಲ್ಲವನು ಎಂದು ನನ್ನನ್ನು ಸಮಯಪಾಲಕನನ್ನಾಗಿ ಮಾಡಿದರು. ಕೈಗಡಿಯಾರ ನನ್ನದೇ. ಶಾಲೆಯಿಂದ ತಂದ ಹಿತ್ತಾಳೆಯ ಗಂಟೆಯನ್ನು ಕಣದ ಮೂಲೆಯ ಗೂಟಕ್ಕೆ ತೂಗುಹಾಕಿ, ಮರದ ಕೊಡತಿಯನ್ನು ನನ್ನ ಕೈಗೆ ಕೊಟ್ಟರು. ಮೂರು ಸುತ್ತು, ಸುತ್ತಿಗೆ ಮೂರು ನಿಮಿಷ.

"ಮೂರನೇದ್ರಾಗ ಮಲಗಸ್ತೇನಿ," ಎಂದು ಹವಾಲ್ದಾರ ಮಖಮಲ್ಲನ್ನು ಹಗ್ಗದ ಮೇಲೆ ಎಸೆಯುತ್ತ ಜನಕ್ಕೆ ಕೂಗಿ ಹೇಳಿದ. "ಹಾಸಿಗಿ ತಂದೀರೇನ್ರೋ ಶಿರಗುಪ್ಪಿಯವರು?"

"ನಿನ್ನ ಹೆಣಕ್ಕ ತಂದೇವು ಬಾರಲೇ!" ಎಂದು ಉತ್ತರ ಬಂತು.

ಮೊದಲ ಎರಡು ಸುತ್ತುಗಳಲ್ಲಿ ಪೈಲವಾನನ ಹುಬ್ಬು ಸೀಳಿ, ಮೂಗು ಒಡೆದು, ಎದೆಯ ಮೇಲೆ ರಕ್ತ ಇಳಿಯಿತು. ಅವನು ತಬ್ಬಿ ಹಿಡಿಯಲು ಮುನ್ನುಗ್ಗುತ್ತಿದ್ದ; ಹವಾಲ್ದಾರ ಪಕ್ಕಕ್ಕೆ ಸರಿದು ಕಿವಿಯ ಕೆಳಗೆ ಹೊಡೆಯುತ್ತಿದ್ದ. ಒದ್ದೆ ಗೋಣಿಯನ್ನು ಕಲ್ಲಿಗೆ ಬಡಿದಂತಹ ಸಪ್ಪಳ. ಮೂರನೆಯ ಸುತ್ತಿನ ಕೊನೆಗೆ, ಗಂಟೆಯ ಗೂಟದಿಂದ ಮೂರು ಮಾರು ದೂರದಲ್ಲಿ, ಪೈಲವಾನ ಮೊಣಕಾಲೂರಿ ಮುಂದಕ್ಕೆ ಕುಸಿದ. ಎರಡೂ ಅಂಗೈ ನೆಲಕ್ಕೆ ಹತ್ತಿದ್ದವು.

ಬಾಕ್ಸಿಂಗಿನಲ್ಲಿ ಅದು ಬಿದ್ದಂತೆ. ಹೊಡೆಯುವವನು ದೂರ ಸರಿಯಬೇಕು, ಪಂಚ ಹತ್ತು ಎಣಿಸಬೇಕು. ಆದರೆ ಕಾಗವಾಡದ ಆ ಬಯಲಿನಲ್ಲಿ ನೆರೆದ ಯಾರಿಗೂ ಅದು ಸೋಲಾಗಿ ಕಾಣಲಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತುವವರೆಗೆ ಯಾರೂ ಸೋತಿರುವುದಿಲ್ಲ.

"ಬೆನ್ನ ಹತ್ತಿಲ್ಲ! ಚಿತ್ ಆಗಿಲ್ಲ! ಆಡಸ್ರಿ!" ಎಂದು ಒದರಿದವರು ಪೈಲವಾನನ ಊರಿನವರೇ. ತಮ್ಮ ಹುಡುಗ ಸೋಲಬಾರದೆಂಬ ಪ್ರೀತಿಯಿಂದ ಒದರಿದರು. ವಸ್ತಾದ ಬಗ್ಗಿ ಬೆನ್ನು ನೋಡಿದ, ಮಣ್ಣು ಕಾಣಲಿಲ್ಲ, ಕೈ ಬೀಸಿ ಆಟ ಮುಂದುವರಿಯಲು ಬಿಟ್ಟ. ಹವಾಲ್ದಾರ ಒಮ್ಮೆ ನನ್ನ ಕಡೆ ನೋಡಿದ. ನಾನು ಗಡಿಯಾರದತ್ತ ಕಣ್ಣಿಳಿಸಿದೆ. ಅವನು ಹೊಡೆಯತೊಡಗಿದ.

ಸಮಯ ಮುಗಿದಿತ್ತು. ಮುಳ್ಳು ಮೂರು ನಿಮಿಷ ದಾಟುವುದನ್ನು ನೋಡಿದೆ. ಗಂಟೆಗೆ ಒಂದು ಪೆಟ್ಟು ಸಾಕಿತ್ತು, ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಕೊಡತಿ ನನ್ನ ಕೈಯಲ್ಲಿಯೇ ಇತ್ತು, ಮತ್ತು ನನಗೆ, ಹವಾಲ್ದಾರ ಸಾರಿದಂತೆ, ಮೂರನೆಯ ಸುತ್ತಿನಲ್ಲಿ ಎದುರಾಳಿ ಮಲಗುವುದನ್ನು ನೋಡಬೇಕಿತ್ತು. ಪೈಲವಾನ ಮಂಡಿಯ ಮೇಲೆ ತೂಗಾಡುತ್ತಿದ್ದ. ಎಡಗಣ್ಣಿನ ಮೇಲೆ ಏಟು, ಮತ್ತೆ ಅಲ್ಲಿಯೇ, ಮತ್ತೆ ಅಲ್ಲಿಯೇ. ರಕ್ತ ಹಾರಿ ಗಡಿಯಾರದ ಗಾಜಿನ ಮೇಲೆ ಬಿತ್ತು. ಬೆರಳಿನಿಂದ ಒರೆಸಿ ಮುಳ್ಳು ನೋಡಿದೆ. ಕೊನೆಗೆ ಅವನು ಹಿಂದಕ್ಕೆ ಉರುಳಿದ. ಬೆನ್ನು ಹತ್ತಿತು.

"ಗಂಟಿ ಯಾಕ ಬಾರಿಸಲಿಲ್ರಿ ಸರ?" ವಸ್ತಾದ ನನ್ನೆದುರು ನಿಂತಿದ್ದ.

"ಬಾರಿಸಿದೆ. ಈ ಗದ್ದಲದಾಗ ನಿಮಗ ಕೇಳಿಲ್ಲ."

ಅವನು ಗೂಟವನ್ನು ನೋಡಿದ, ಹವಾಲ್ದಾರನನ್ನು ನೋಡಿದ. "ನಮಗ ಕೇಳಿಲ್ಲ ಬಿಡ್ರಿ. ಇಂವ ಗಂಟಿ ಮಗ್ಗಲದಾಗ ಇದ್ದ. ಇವಗ ಕೇಳಿರತೈತಿ. ಕೇಳಿ ಹೊಡದಾನ."

ನಾನು ಅಲ್ಲವೆನ್ನಲಿಲ್ಲ.

ಮಿರಜದ ವೈದ್ಯರು ಪೈಲವಾನನ ಎಡಗಣ್ಣಿನ ಹಿಂದಿನ ಪರದೆ ಹರಿದಿದೆ, ಇನ್ನು ದೃಷ್ಟಿ ಬರದು ಎಂದರು. ಗಂಟೆಯ ನಂತರ ಹೊಡೆದವನು ಎಂಬ ಹೆಸರು ಹವಾಲ್ದಾರನಿಗೆ ಅಂಟಿತು. ಅಂಥವನು ಎದುರಾಳಿಯ ಕಣ್ಣುರಿಯಲೆಂದು ಗ್ಲೌಜಿಗೆ ತಂಬಾಕಿನ ಪುಡಿ ಸವರಿರಲೂಬಹುದು ಎಂದು ಜನ ಸೇರಿಸಿದರು. ಗೋದಾಮಿಗೆ ಬೀಗ ಬಿತ್ತು. ಬಸ್ ನಿಲ್ದಾಣದಲ್ಲಿ ಕೈ ಮುರಿದ ಮೇಲೆ ಅವನು ಸದಲಗಾಕ್ಕೆ ಮರಳಿ ಹಾಲಿನ ಡೇರಿಯಲ್ಲಿ ಕ್ಯಾನು ಎತ್ತುವ ಕೆಲಸಕ್ಕೆ ಸೇರಿದ.

ನಾನು ಆ ಕತೆಯನ್ನು ಹೇಳುತ್ತ ಹೋದೆ. ಹೇಳಿದಂತೆಲ್ಲ ಅದು ಬಲಿಯಿತು. ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಸಕ್ಕರೆ ಕಾರ್ಖಾನೆಯ ಭೋಂಗಾ, ಪಾಳಿಯ ಸೈರನ್ನು, ಕೂಗಿತು, ಗಂಟೆಯ ಸದ್ದು ಅದರಲ್ಲಿ ಮುಳುಗಿತು ಎಂದು ಯಾವ ವರ್ಷದಿಂದ ಸೇರಿಸತೊಡಗಿದೆನೋ ಗೊತ್ತಿಲ್ಲ. ಕೆಲವು ವರ್ಷಗಳ ನಂತರ ಭೋಂಗಾದ ಆ ದೀರ್ಘ ಸ್ವರ ನನಗೆ ನಿಜವಾಗಿಯೂ ಕೇಳಿಸತೊಡಗಿತು. ಅದರ ಹಿಂದೆ ನನ್ನ ಗಂಟೆಯೂ ಕೇಳಿಸುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಮೊದಲು ನಿವೃತ್ತನಾದೆ. ವಹಿಯನ್ನು ತೆಗೆದು, ನಾನು ಕಂಡ ಸ್ಪರ್ಧೆಗಳ ಬಗ್ಗೆ ಒಂದು ಲೇಖನ ಬರೆಯಲು ಕುಳಿತೆ. ಅಭ್ಯಾಸಬಲದಿಂದ ಪ್ರತಿ ದಿನಾಂಕವನ್ನೂ ತಾಳೆ ನೋಡಿದೆ. ಕಾಗವಾಡದ ಕರಪತ್ರ ಒಂದು ದಿನಾಂಕ ಹೇಳಿತು. ಮರಾಠಿ ವಾರಪತ್ರಿಕೆಯ ವರದಿಯೂ ಅದನ್ನೇ ಹೇಳಿತು. ಅದೇ ಪುಟದ ಕೆಳಗೆ ಇನ್ನೊಂದು ಸಣ್ಣ ಸುದ್ದಿಯಿತ್ತು: ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆ ಸ್ಪರ್ಧೆಯ ಹಿಂದಿನ ದಿನವೇ ಬಂದಾಗಿತ್ತು. ಹಂಗಾಮು ಮುಗಿದರೆ ಭೋಂಗಾ ಕೂಗುವುದಿಲ್ಲ.

ಬೇರೊಂದು ಆಧಾರ ಸಿಕ್ಕೀತೆಂದು ಒಂದು ವಾರ ಹುಡುಕಿದೆ. ಸಿಗಲಿಲ್ಲ. ಭೋಂಗಾ ಹೋದ ಮೇಲೆ ಗಂಟೆಯೂ ಹೋಯಿತು; ಉಳಿದದ್ದು ಕೊಡತಿ ಹಿಡಿದ ನನ್ನ ಕೈ.

ಶಿರಗುಪ್ಪಿಗೆ ಹೋದಾಗ ಪೈಲವಾನ ಕೊಯ್ತಾ ಹಿಡಿದು ಕಬ್ಬು ಕಡಿಯುತ್ತಿದ್ದ. ಎಡಗಣ್ಣು ಸುಣ್ಣದ ಹರಳಿನಂತೆ ಬೆಳ್ಳಗಾಗಿತ್ತು. ನಾನು ಗಂಟೆ ಬಾರಿಸಿರಲಿಲ್ಲ ಎಂದೆ. ಮೂರು ನಿಮಿಷದ ಮೇಲೆ ನಲವತ್ತು ಸೆಕೆಂಡು ಬಿಟ್ಟೆ ಎಂದೆ.

"ಎಣಿಸಿದ್ರೇನು?"

"ಗಡಿಯಾರ ನೋಡತಿದ್ದೆ."

"ನೋಡಕೋತ ಕುಂತಿದ್ರಿ."

"ಹೌದು."

ಕೊಯ್ತಾ ನನ್ನ ಮೊಣಕಾಲಿನ ಪಕ್ಕದ ಕಬ್ಬಿನ ಬುಡಕ್ಕೆ ಬಿತ್ತು. ಗಳ ತುಂಡಾಗಿ ನನ್ನ ಮೇಲೆ ಒರಗಿತು. ಅವನು ಇನ್ನೆರಡು ಗಳ ಕಡಿದ.

"ಕಣ್ಣಿಂದು ಬಿಡ್ರಿ," ಎಂದ ಕೊನೆಗೆ. "ಬೆನ್ನ ಹಚ್ಚಿದ್ರ ಉಳೀತಿತ್ತು. ನಮ್ಮಪ್ಪ ಹಗ್ಗದ ಆಚಿ ನಿಂತು ಹಚ್ಚಬ್ಯಾಡ ಹಚ್ಚಬ್ಯಾಡ ಅಂತ ಒದರಾಕತ್ತಿದ್ದ, ನಾ ಹಚ್ಚಲಿಲ್ಲ. ಆದ್ರ ಅವನ ಕೈ ಮುರ್ಯಾಕ ನಿಪ್ಪಾಣಿಗೆ ಆ ಹುಡುಗರನ್ನ ಕಳಿಸಿದಾಂವ ನಾನೇ. ನಿಮ್ಮ ಮಾತ ನಂಬಿ ಕಳಿಸಿದೆ. ಕಲತ ಮನಿಶ್ಯಾ, ಸುಳ್ಳ ಹೇಳಾಂಗಿಲ್ಲ ಅಂತ." ಕೊಯ್ತಾವನ್ನು ಟವೆಲ್ಲಿನಿಂದ ಒರೆಸಿದ. "ನಡೀರಿ ಸದಲಗಾಕ್ಕ."

ಡೇರಿಯ ಮುಂದೆ ಸಂಜೆಯ ಹಾಲಿನವರ ಸಾಲು ನಿಂತಿತ್ತು. ಹವಾಲ್ದಾರ ಕ್ಯಾನುಗಳನ್ನು ಎಡಗೈಯಿಂದ ಎತ್ತಿಡುತ್ತಿದ್ದ. ಬಲಗೈಯ ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಪೈಲವಾನನನ್ನು ಕಂಡು ಅವನು ಕ್ಯಾನನ್ನು ಕೆಳಗಿಟ್ಟು ನೆಟ್ಟಗೆ ನಿಂತ.

"ಹೊಡ್ಯಾಕ ಬಂದಿಲ್ಲ," ಎಂದ ಪೈಲವಾನ. "ಸರ ಏನೋ ಹೇಳತಾರ, ಕೇಳು."

ಹೇಳಿದೆ.

"ಮತ್ತೊಮ್ಮೆ ಹೇಳ್ರಿ."

ಮತ್ತೊಮ್ಮೆ ಹೇಳಿದೆ.

"ಜೋರಲೆ ಹೇಳ್ರಿ ಸರ. ಇವರಿಗೆಲ್ಲ ಕೇಳಲಿ."

ಮೂರನೆಯ ಸಲ ಸಾಲಿನ ಕಡೆ ತಿರುಗಿ ಕೂಗಿ ಹೇಳಿದೆ. ಹವಾಲ್ದಾರ ಕ್ಯಾನಿನ ಮುಚ್ಚಳ ಹಾಕಿದ. "ಚಸ್ಮಾ ತಗೀರಿ," ಎಂದ.

ತೆಗೆದೆ. ಅವನ ಎಡಭುಜ ಇಳಿದು, ಮಂಡಿ ತುಸು ಬಾಗಿದ್ದು ಮಂಜಾಗಿ ಕಂಡಿತು. ಆ ನಿಲುವು ನನಗೆ ಗುರುತಿತ್ತು. ವಹಿಯಲ್ಲಿ ಎಷ್ಟೋ ಸಲ ಬಣ್ಣಿಸಿದ್ದೆ. ದವಡೆಯಲ್ಲಿ ಏನೋ ಕಟಕ್ಕೆಂದಿತು. ಬಾಯಲ್ಲಿ ಬಿಸಿ ರಕ್ತ, ಅದರಲ್ಲಿ ಒಂದು ಹಲ್ಲು. ನಾನು ಕ್ಯಾನುಗಳ ನಡುವೆ ಚೆಲ್ಲಿದ ಹಾಲಿನ ಕೆಸರಿನಲ್ಲಿ ಆಕಾಶ ನೋಡುತ್ತ ಬಿದ್ದಿದ್ದೆ. ಅವನು ನನ್ನ ಎದೆಯ ಮೇಲೆ ಮೊಣಕಾಲೂರಿ ಎರಡನೆಯ ಏಟಿಗೆ ಎಡಗೈಯೆತ್ತಿದ. ಪೈಲವಾನ ಆ ಮುಂಗೈಯನ್ನು ಹಿಡಿದ.

"ಬೆನ್ನ ಹತ್ತೇತಿ, ಹವಾಲ್ದಾರ. ಬಿಡು."

ಮೊಣಕಾಲು ಎದೆಯಿಂದ ಎದ್ದಿತು. ಹವಾಲ್ದಾರ ಏದುಸಿರು ಬಿಡುತ್ತ, ಡೊಂಕು ಬೆರಳುಗಳ ಬಲಗೈಯನ್ನು ಮೇಲೆತ್ತಿ ಹಾಲಿನವರಿಗೆ ತೋರಿಸಿದ.

"ಕೇಳಿದ್ರಿಲ್ಲೋ?" ಎಂದ. "ಗಂಟಿ ಆಗಿರಲಿಲ್ಲ."