ಪರ್ಸಿ ಮಾಕ್ರಿಜ್‌ನ ಮೂವತ್ತೆರಡನೆಯ ತಲೆ

ನಮ್ಮ ಹಾರೋಫೋಲ್ಡ್ ಹಳ್ಳಿಯ ಶೂರರ ಪಟ್ಟಿ ಉದ್ದವೇನಲ್ಲ. ಒಬ್ಬ ನೆಪೋಲಿಯನ್ನನ ಮೇಲೆ ಯುದ್ಧಕ್ಕೆ ಹೊರಟು ಹಡಗು ತಪ್ಪಿಸಿಕೊಂಡ. ಒಬ್ಬಳು ಜಿಲ್ಲಾ ಪ್ರದರ್ಶನದಲ್ಲಿ ಕುಂಬಳಕಾಯಿಗೆ ಎರಡನೆಯ ಬಹುಮಾನ ಗೆದ್ದಳು. ಮೂರನೆಯವನೇ ಪರ್ಸಿ ಮಾಕ್ರಿಜ್.

ಪರ್ಸಿಯದು ಗೋಡೆಗೆ ಬಣ್ಣದ ಕಾಗದ ಅಂಟಿಸುವ ಕಸುಬು. ನಲವತ್ತು ವರ್ಷ ಅಂಟಿಸಿದ. ಸಸೆಕ್ಸ್ ಸೀಮೆಯ ಅರ್ಧದಷ್ಟು ಮಲಗುವ ಕೋಣೆಗಳಲ್ಲಿ ಗುಲಾಬಿ ಅರಳಿಸಿದವನು ಅವನೇ. ಹೆಂಡತಿ ಬೆರಿಲ್ ಅವನಿಗೆ ಸಿಕ್ಕಿದ್ದೂ ಹಾಗೆಯೇ. ಅವಳ ತಾಯಿಯ ಮನೆಯ ಹಜಾರವನ್ನು ಆರು ಸಲ ಅಳೆದ. ಏಳನೆಯ ಸಲ ಟೇಪು ಹಿಡಿದು ಬಂದಾಗ ಆ ತಾಯಿ, "ಅಳೆದಿದ್ದು ಸಾಕು, ಕರ್ಕೊಂಡ್ಹೋಗು" ಎಂದಳು. ಕಸುಬಿನಲ್ಲಿ ಅವನದು ಒಂದೇ ವ್ರತ: ಹಳೆಯ ಕಾಗದ ಪೂರ್ತಿ ಕೆರೆದು ತೆಗೆಯದೆ ಹೊಸದನ್ನು ಅಂಟಿಸಬಾರದು. ಹಾಗೆ ಮೇಲಿಂದ ಮೇಲೆ ಅಂಟಿಸುವವರನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದ.

ಆದರೆ ಅವನ ಕೀರ್ತಿ ನಿಂತದ್ದು ಗೋಡೆಯ ಮೇಲಲ್ಲ, ಬೆಂಕಿಯ ಮೇಲೆ. ನವೆಂಬರ್ ಐದರ ಸಂಜೆ ನಮ್ಮಲ್ಲಿ ಬೊಂಬೆ ಸುಡುತ್ತೇವೆ. ನಾನೂರು ವರ್ಷದ ಹಿಂದೆ ಪಾರ್ಲಿಮೆಂಟಿನ ಅಡಿಯಲ್ಲಿ ಸಿಡಿಮದ್ದು ತುಂಬಿ ಸಿಕ್ಕಿಬಿದ್ದವನ ನೆನಪಿಗೆ ಶುರುವಾದದ್ದು. ಈಗ ಬೊಂಬೆಗೆ ಆಯಾ ವರ್ಷ ಊರಿಗೆ ಯಾರ ಮೇಲೆ ಸಿಟ್ಟೋ ಅವರ ಮುಖ. ಬಸ್ಸು ನಿಲ್ಲಿಸಿದ ಅಧಿಕಾರಿ ಸುಟ್ಟುಹೋಗಿದ್ದಾನೆ, ಅಂಚೆ ಕಚೇರಿ ಮುಚ್ಚಿಸಿದವನು ಎರಡು ಸಲ. ಮೈಗೆ ಯಾರದೋ ಹಳೇ ಪ್ಯಾಂಟು, ಒಳಗೆ ಹುಲ್ಲು. ತಲೆ ಮಾತ್ರ ಪರ್ಸಿಯದು. ತಂತಿಬಲೆ, ಹಳೇ ಪತ್ರಿಕೆ, ಗೋಂದು, ಬಣ್ಣ. ಮೂವತ್ತೊಂದು ವರ್ಷ, ಮೂವತ್ತೊಂದು ತಲೆ.

ಮೂವತ್ತೆರಡನೆಯದು ಬಂದದ್ದು ದೇಶ ನೆರೆದೇಶಗಳ ಒಕ್ಕೂಟ ಬಿಟ್ಟು ಹೊರಡಬೇಕಾದ ದಿನ ಮತ್ತೊಮ್ಮೆ ಮುಂದಕ್ಕೆ ಹೋದ ಶರತ್ಕಾಲದಲ್ಲಿ. ಅಕ್ಟೋಬರ್ ಮುಗಿಯುತ್ತ ಬಂದರೂ ನಾವು ಹೊರಟಿರಲಿಲ್ಲ. ಹೊರಡದ್ದಕ್ಕೆ ಯಾರು ಕಾರಣ, ಹೊರಡಲು ಹೊರಟದ್ದಕ್ಕೆ ಯಾರು ಕಾರಣ ಎಂಬ ಜಗಳದಲ್ಲಿ ಬೇಕರಿಯ ಬನ್ನುಗಳು ತಣ್ಣಗಾಗುತ್ತಿದ್ದವು. ಬೊಂಬೆ ಸಮಿತಿ ಸೇರಿ ಒಂದೇ ಮಾತಿಗೆ ಬಂತು: ಈ ಸಲ ಸುಡಬೇಕಾದ್ದು "ಇದಕ್ಕೆಲ್ಲ ಕಾರಣನಾದವನನ್ನು". ಚಪ್ಪಾಳೆ ಬಿತ್ತು. ಅವನು ಯಾರು ಎಂದು ಪರ್ಸಿ ಕೇಳಿದ. ಚಪ್ಪಾಳೆ ನಿಂತಿತು.

ಸಮಿತಿಯಲ್ಲಿ ಮೂವರು. ಅಧ್ಯಕ್ಷೆ ಡಫ್ನಿ ಹಾಲ್‌ಗೇಟ್, ಕನ್ಸರ್ವೇಟಿವ್. ಅವರ ನಾಯಿಯ ಕೊರಳಪಟ್ಟಿಯೂ ಪಕ್ಷದ ನೀಲಿ. ನಿವೃತ್ತ ಬಸ್ ಚಾಲಕ ಲೆನ್ ಸ್ಪ್ರಾಟ್, ಲೇಬರ್, ಅವನದು ಕೆಂಪು. ಪಿಯಾನೋ ಕಲಿಸುತ್ತಿದ್ದ ಮಿಸ್ ಕ್ವಿಲ್, ಲಿಬರಲ್, ಹಳದಿ ಶಾಲು.

"ಕೆಂಪು ಟೈ ಹಾಕಿ ಪರ್ಸಿ, ಜೋಲು ಮುಖ ಮಾಡಿ," ಎಂದರು ಡಫ್ನಿ. "ಅಡ್ಡಗಾಲು ಹಾಕಿದ್ದು ಅವರೇ."

"ಅಡ್ಡಗಾಲಾ? ದಾರಿ ತಪ್ಪಿಸಿದ್ದು ಯಾರಮ್ಮಾ?" ಎಂದ ಲೆನ್. "ನೀಲಿ ಟೈ ಹಾಕು ಗುರೂ. ಉಬ್ಬಿದ ಕೆನ್ನೆ. ಎರಡು ಗಲ್ಲ."

"ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ," ಎಂದರು ಮಿಸ್ ಕ್ವಿಲ್ ಮೆಲ್ಲಗೆ. "ಮುಂದೆ ಒಂದು, ಹಿಂದೆ ಒಂದು, ಎರಡು ಮುಖ ಮಾಡಿಬಿಡಿ ಪರ್ಸಿಯವರೇ. ಇಬ್ಬರೂ ಸುಡಲಿ."

ಡಫ್ನಿ ಕೊನೆಗೊಂದು ಠರಾವು ಬರೆಸಿದರು: ಐದನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ತಲೆ ಮೈದಾನದಲ್ಲಿ ಇರದಿದ್ದರೆ ಪಟ್ಟಣದ ಅಂಗಡಿಯಿಂದ ಸಿದ್ಧ ತಲೆ ತರಿಸುವುದು; ಮುಂದಿನ ವರ್ಷಗಳಿಗೂ ಅದೇ ಏರ್ಪಾಡು.

ಪರ್ಸಿ ಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಕುಳಿತ. "ಅಂಗಡಿ ತಲೆಯಂತೆ ಬೆರಿಲ್. ಪ್ಲಾಸ್ಟಿಕ್ ಮೀಸೆ. ಮೂವತ್ತೊಂದು ವರ್ಷ ನಾನು ಮಾಡಿದ್ದೇನು ಹಾಗಾದ್ರೆ?"

"ಗಲೀಜು," ಎಂದಳು ಬೆರಿಲ್. "ಹೋಗು, ಇನ್ನೂ ಆರು ದಿನ ಇದೆ."

ಹಿತ್ತಿಲ ಶೆಡ್ಡಿನಲ್ಲಿ ಮಹಾಯಾಗ ಶುರುವಾಯಿತು. ಗುರುವಾರ ಜೋಲು ಮುಖ ಆಯಿತು. ಶುಕ್ರವಾರ ಲೆನ್ ಬಂದು ನೋಡಿ ಬಾಗಿಲಿಗೆ ಒದ್ದ. ಶನಿವಾರಕ್ಕೆ ಕೆನ್ನೆಗಳು ಉಬ್ಬಿದವು. ಆಗ ಡಫ್ನಿ ಬಂದರು. ನೀಲಿ ಟೈಯನ್ನು ಅವರು ಪೂರ್ತಿ ಬೇಡ ಎನ್ನಲಿಲ್ಲ, ಆದರೆ ಮೂಗು ಬದಲಾಗಬೇಕಿತ್ತು. ತಮ್ಮ ಪಕ್ಷದಲ್ಲೇ ಒಪ್ಪಂದವಿಲ್ಲದೆ ಒಕ್ಕೂಟ ಬಿಡಬಾರದೆಂದು ಹಟ ಹಿಡಿದು ಕೆಡಿಸಿದ ಒಂದು ಬಣವಿದೆ, ಮೂಗು ಆ ಬಣದ್ದಾಗಿರಲಿ ಎಂದರು. ಸಂಜೆ ಲೆನ್ ಮತ್ತೆ ಬಂದ. ತನ್ನ ಪಕ್ಷದಲ್ಲೂ ಎತ್ತಲೂ ವಾಲದೆ ಬೇಲಿ ಮೇಲೆ ಕೂತವರಿದ್ದಾರೆ, ಅವರ ಹುಬ್ಬು ಸೇರಿಸು ಎಂದ. ಮಿಸ್ ಕ್ವಿಲ್ ಹಿಂದಲೆಯ ಮುಖ ಎಲ್ಲಿ ಎಂದು ದಿನಾ ಒಂದು ಕೇಕು ಹಿಡಿದು ಕೇಳಿಹೋಗುತ್ತಿದ್ದರು. ಕೇಕು ತಿಂದವನು ಇಲ್ಲವೆನ್ನುವುದು ಹೇಗೆ?

ಕೆರೆದು ತೆಗೆಯಲು ವೇಳೆ ಎಲ್ಲಿ? ನಲವತ್ತು ವರ್ಷದ ವ್ರತ ಮುರಿಯಿತು. ಪರ್ಸಿ ಮುಖದ ಮೇಲೆ ಮುಖ ಅಂಟಿಸಿದ, ಒದ್ದೆಯ ಮೇಲೆ ಒದ್ದೆ. ಸೋಮವಾರ ಸಂಜೆ ಎಣಿಸಿದರೆ ಒಂಬತ್ತು ಪದರ. ಬಟ್ಟೆ ಒಗೆಯುವ ದೊಡ್ಡ ಹಂಡೆಯನ್ನೂ ದಾಟಿ ತಲೆ ಬೆಳೆದಿತ್ತು. ಎದುರಿಂದ ಸಿಟ್ಟು, ಹಿಂದಿನಿಂದ ನಗು, ಪಕ್ಕದಿಂದ ಹಲ್ಲುನೋವು. ಮೂರು ಬಣ್ಣದ ಮೂರು ಟೈ. ಮೂವರೂ ಬಂದು ಸುತ್ತು ಹಾಕಿ, ತಮಗೆ ಬೇಕಾದ ಕಡೆಯಿಂದ ಮಾತ್ರ ನೋಡಿ, ಒಪ್ಪಿದರು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ವರು ತಲೆಯನ್ನು ಹೊತ್ತು ಶೆಡ್ಡಿನ ಬಾಗಿಲಿಗೆ ತಂದರು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ನೇರ, ಓರೆ, ಕಿವಿ ಮುಂದಾಗಿ, ಗಲ್ಲ ಮುಂದಾಗಿ, ಹೇಗೆ ತಿರುಗಿಸಿದರೂ ಹೊರಗೆ ಬರಲಿಲ್ಲ.

"ಬಾಗಿಲು ಒಡೀರಿ," ಎಂದರು ಡಫ್ನಿ. "ಹೊರಡಬೇಕು ಅಂದ್ಮೇಲೆ ಹೊರಡಬೇಕು."

"ಒಡೆದಾಗ ಸೂರು ಬಿದ್ರೆ? ಮೊದಲು ಕಿವಿಗಳ ಬಗ್ಗೆ ಮಾತಾಡಿ ಒಂದು ಒಪ್ಪಂದಕ್ಕೆ ಬರೋಣ," ಎಂದ ಲೆನ್.

"ಹೊರಗೆ ತರಲೇಬೇಕಾ?" ಎಂದರು ಮಿಸ್ ಕ್ವಿಲ್. "ಊರವರನ್ನ ಇನ್ನೊಂದ್ಸಲ ಕೇಳಿ ನೋಡಬಹುದಲ್ಲ?"

ಹನ್ನೊಂದೂವರೆ. ಚರ್ಚೆ ಬಿಸಿಯೇರಿತು. ಬೇಲಿಯಾಚೆ ಜನ ಸೇರಿ ಎರಡೂ ಕಡೆಗೆ ಕೂಗತೊಡಗಿದರು. ಬಾಗಿಲು ಇಷ್ಟು ಕಿರಿದಾಗಲು ಯಾರು ಕಾರಣ ಎಂಬ ಹೊಸ ಪ್ರಶ್ನೆ ಎದ್ದಿತು. ಪರ್ಸಿ ಗರಗಸ ಹಿಡಿದು ತಲೆಯ ಮುಂದೆ ನಿಂತಿದ್ದ. ಕಿವಿ ಕೊಯ್ಯಲೋ, ಗಲ್ಲವೋ? ಕೊಯ್ದ ತಲೆಯನ್ನು ಅವನು ಎಂದೂ ಬೆಂಕಿಗೆ ಕಳಿಸಿದವನಲ್ಲ. ಅಂಗಡಿಗೆ ಫೋನ್ ಮಾಡಲು ಡಫ್ನಿ ಚೀಲದಲ್ಲಿ ಕನ್ನಡಕ ಹುಡುಕತೊಡಗಿದರು.

ಬೆರಿಲ್ ಟೀ ತಟ್ಟೆ ಹಿಡಿದು ಬಂದಳು. ಒಮ್ಮೆ ನೋಡಿದಳು.

"ತಲೆ ಅಲ್ಲೇ ಇರ್ಲಿ. ಶೆಡ್ಡನ್ನ ಎತ್ತಿ."

"ಏನು?" ಎಂದ ಪರ್ಸಿ.

"ಅದಕ್ಕೆ ತಳ ಎಲ್ಲಿದೆ ಪರ್ಸಿ? ಹಾಕಿಸು ಹಾಕಿಸು ಅಂತ ಹದಿನೆಂಟು ವರ್ಷದಿಂದ ಬಡ್ಕೊಂಡೆ. ಸುಮ್ನೆ ಮಣ್ಣಿನ ಮೇಲೆ ಕೂತಿದೆ. ಎತ್ತಿ!"

ಹನ್ನೆರಡು ಜನ, ಮೂರೂ ಪಕ್ಷದವರು, ಭುಜ ಕೊಟ್ಟರು. ಶೆಡ್ಡು ಹ್ಯಾಟಿನಂತೆ ಮೇಲೆದ್ದು, ನಾಲ್ಕು ಹೆಜ್ಜೆ ನಡೆದು, ಎಲೆಕೋಸಿನ ಮೇಲೆ ಕುಳಿತಿತು. ಬಿಸಿಲಿನಲ್ಲಿ ತಲೆ ಮಿಂಚಿತು. ಜನ ಹೋ ಎಂದರು. ಟ್ರ್ಯಾಕ್ಟರಿನಲ್ಲಿ ಮೈದಾನ ಮುಟ್ಟಿದಾಗ ಹನ್ನೆರಡಕ್ಕೆ ಎರಡು ನಿಮಿಷವಿತ್ತು.

ಸಂಜೆ ಬೆಂಕಿ ಹಚ್ಚಿದೆವು. ಪ್ಯಾಂಟು ಉರಿಯಿತು, ಹುಲ್ಲು ಉರಿಯಿತು, ಮೂರು ಟೈಗಳೂ ಉರಿದವು. ತಲೆ ಉರಿಯಲಿಲ್ಲ. ಒಂಬತ್ತು ಪದರ ಹಸಿ ಗೋಂದು! ಕೆಂಡದ ಮೇಲೆ ಕುಳಿತು ದೊಡ್ಡ ಆಲೂಗಡ್ಡೆಯಂತೆ ಹಬೆ ಬಿಟ್ಟಿತು. ಜನ ಬೈದರು, ಟೋಪಿ ಎಸೆದರು, ಸುಸ್ತಾಗಿ ಸಾಸೇಜು ತಿಂದು ಬಂದು ಮತ್ತೆ ಬೈದರು. ಅಷ್ಟು ಹೊತ್ತು ಬೈಯಲು ಯಾವ ವರ್ಷವೂ ಸಿಕ್ಕಿರಲಿಲ್ಲ.

ಸಮಿತಿ ಮಾತ್ರ ಮರುದಿನವೇ ಸಭೆ ಕರೆಯಿತು: ತಲೆ ಉರಿಯದ್ದಕ್ಕೆ ಯಾರು ಕಾರಣ? ಪರ್ಸಿ ಮದುವೆಯ ಕೋಟು ಹಾಕಿಕೊಂಡು ಹೋದ. ಬೆರಿಲ್ ಕಿಟಕಿಯಲ್ಲಿ ಕಾದಳು. ಒಂದು ಗಂಟೆಯ ನಂತರ ಅವನು ಓಡುತ್ತಲೇ ಬಂದ, ಎಪ್ಪತ್ತೆರಡರ ವಯಸ್ಸಿನಲ್ಲಿ.

"ಮೂರು ಜನಾನೂ ಕೈ ಎತ್ತಿದ್ರು ಬೆರಿಲ್! ಒಬ್ಬರೂ ಬೇಡ ಅನ್ಲಿಲ್ಲ! ತಪ್ಪೆಲ್ಲ ನನ್ನದೇ ಅಂತೆ!"

"ಅದಕ್ಕೆ ಇಷ್ಟು ಹಿಗ್ಗಾ? ತೆಗೆದುಹಾಕಿದ್ರಾ?"

"ಎಲ್ಲಿ ತೆಗೀತಾರೆ? ಮುಂದಿನ ವರ್ಷ ಅದೇ ತಲೆ ಮಾಡಿ, ಈ ಸಲ ಉರಿಯೋ ಹಾಗೆ ಮಾಡಬೇಕಂತೆ. ಶಿಕ್ಷೆ!"

ಅವನು ಕೋಟು ಬಿಚ್ಚಿ ಕುರ್ಚಿಗೆ ಎಸೆದು, ಅವಳು ಓದುತ್ತಿದ್ದ ಪತ್ರಿಕೆಯನ್ನು ಅವಳ ಕೈಯಿಂದಲೇ ಎಳೆದುಕೊಂಡು ಪಟ್ಟಿಪಟ್ಟಿಯಾಗಿ ಹರಿಯತೊಡಗಿದ.